ಆಶಕ್ಕ ಮುಡಿಪಿಗೆ ಮನೆ ಹುಡುಕಿದ್ದು

"ನನಗೆ ಈ ಶೇರು-ಗೀರು ಎಲ್ಲ ಎಂತ ಗೊತ್ತು ಹೇಳಿ? ಸನ್ನಿವೇಲಿನಲ್ಲಿ ಒಂದು ಟೈರ್ ಅಂಗಡಿಯ ಹಿಂದೆ ಶೆಡ್ಡು ಇತ್ತು. ಅಲ್ಲಿ ನಾಲ್ಕೈದು ಹುಡುಗರು ಕಂಪ್ಯೂಟರಿನ ಮುಂದೆ ಕೂತು ಬ್ರೆಡ್ಡು ತಿಂತಾ ಇದ್ರು. ಬರೀ ಬ್ರೆಡ್ಡು ಮಾರಾಯ್ರೆ, ಅದಕ್ಕೊಂದು ಚಟ್ನಿಯೂ ಇಲ್ಲ! ಕಿರಣಕುಮಾರ ಅಂತ ಒಬ್ಬ, ಅವನೇ ಅವರಿಗೆಲ್ಲ ದೊಡ್ಡವ. ನಾನು ಯಾರಿಗೋ ಟಿಫಿನ್ ಕೊಡ್ಲಿಕ್ಕೆ ಅಂತ ಹೋದವಳು, ಅದನ್ನು ನೋಡಿ ತಡೀಲಿಕ್ಕೆ ಆಗದೆ, ನಾಳೆಯಿಂದ ನಾನೇ ಬಂದು ಇಲ್ಲಿ ಅಡಿಗೆ ಮಾಡ್ತೇನೆ ಅಂದೆ. ಅವ ನಗಾಡಿದ. 'ಆಂಟಿ, ನಮ್ಮತ್ರ ದುಡ್ಡೇ ಇಲ್ಲ. ಅರ್ಧ ಸಂಬಳ ಕೊಡ್ತೀನಿ, ಇನ್ನರ್ಧಕ್ಕೆ ಶೇರು ಬರ್ಕೊಡ್ತೀನಿ' ಅಂದ. ನಾನು ಹೂಂ ಅಂದೆ. ಹಸಿದ ಮಕ್ಕಳ ಹತ್ರ ಚೌಕಾಸಿ ಮಾಡ್ಲಿಕ್ಕೆ ಆಗ್ತದಾ? ಆವತ್ತು ಮನೆಗೆ ಬಂದು ದೇವರ ಮುಂದೆ ಹೇಳ್ಕೊಂಡೆ, ಈ ಕಾಗದಕ್ಕೆ ಎಂದಾದ್ರೂ ಜೀವ ಬಂದ್ರೆ ಅರ್ಧ ನನ್ನದು, ಅರ್ಧ ಹಸಿದವರದ್ದು ಅಂತ. ಅರಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿಟ್ಟೆ, ಮುಡಿಪು. ಮತ್ತೆ ಮರ್ತೇ ಬಿಟ್ಟೆ. ಪಲ್ಯ ಮಾಡಿದೆ, ಸಾರು ಮಾಡಿದೆ, ಆ ಹುಡುಗರಿಗೆಲ್ಲ ಮದುವೆ ಆಯ್ತು, ಮಕ್ಕಳಾಯ್ತು, ಶೆಡ್ಡು ಹೋಗಿ ಗಾಜಿನ ಬಿಲ್ಡಿಂಗು ಬಂತು, ನನಗೆ ವಯಸ್ಸಾಯ್ತು ಅಂತ ಕೆಲಸವನ್ನೂ ಬಿಟ್ಟೆ. ಮೊನ್ನೆ ಕಿರಣ ಫೋನು ಮಾಡಿ 'ಆಂಟಿ, ಕೂತ್ಕೊಂಡಿದ್ದೀರಾ?' ಅಂತ ಕೇಳ್ದ. ಇಲ್ಲ, ಒಗ್ಗರಣೆ ಹಾಕ್ತಾ ಇದ್ದೇನೆ ಅಂದೆ. 'ಮೊದ್ಲು ಗ್ಯಾಸ್ ಆಫ್ ಮಾಡಿ' ಅಂದ. ಕಂಪೆನಿಯನ್ನು ಯಾರೋ ದೊಡ್ಡವರು ಕೊಂಡ್ಕೊಳ್ತಾರಂತೆ. ನನ್ನ ಕಾಗದಕ್ಕೆ ಜೀವ ಬಂದದ್ದಲ್ಲ ಮಾರಾಯ್ರೆ, ಕೈಕಾಲು ಬಂದು ಓಡ್ಲಿಕ್ಕೇ ಶುರು ಮಾಡಿತು! ಸಾಸಿವೆ ಕರಂಚಿ ಹೋಯ್ತು. ಆವತ್ತು ನಮ್ಮ ಮನೆಯಲ್ಲಿ ಒಗ್ಗರಣೆ ಇಲ್ಲದ ಸಾರು."

ಆಶಾಲತಾ ಅವರನ್ನು ಬಲ್ಲ ಯಾರೇ ಆಗಲಿ ಈ ಮಾತನ್ನು ಒಂದು ಸಲವಾದರೂ ಕೇಳಿಯೇ ಇರುತ್ತಾರೆ. ಎಲ್ಲರ ಬಾಯಲ್ಲೂ ಅವರು ಆಶಕ್ಕ. ಹೇಳುವಾಗ ಅವರ ಎರಡು ಕೈಯೂ ಗಾಳಿಯಲ್ಲಿರುತ್ತವೆ. ಕೈಯಲ್ಲಿ ಸೌಟಿದ್ದರೆ ಸೌಟೂ ಗಾಳಿಯಲ್ಲಿ, ಕೇಳುವವರು ಸ್ವಲ್ಪ ಹಿಂದೆ ಸರಿದು ನಿಲ್ಲಬೇಕು.

ಅವರ ಊರು ಉಡುಪಿಯ ಹತ್ತಿರ, ಈಗ ಸಂಸಾರ ಅಮೆರಿಕದ ಸನ್ನಿವೇಲಿನಲ್ಲಿ. ಗಂಡ ರಾಮನಾಥರು ಒಂದು ಗ್ಯಾರೇಜಿನಲ್ಲಿ ಕಾರಿನ ಬಿಡಿಭಾಗ ಮಾರುವ ಕೌಂಟರಿನ ಹಿಂದೆ ಬಹಳ ಕಾಲ ನಿಂತು ದುಡಿದು, ಮಂಡಿನೋವು ಹಿಡಿಸಿಕೊಂಡು ನಿವೃತ್ತರಾದವರು. ಮನೆಮಾತು ತುಳು. ಆದರೆ ಆ ಗಂಡಹೆಂಡಿರಲ್ಲಿ ಒಂದು ಪದ್ಧತಿ ಬೆಳೆದುಬಂದಿತ್ತು. ಪ್ರೀತಿಗೆ, ಅಡಿಗೆಗೆ, ಕಾಯಿಲೆ ಕಸಾಲೆಗೆ ತುಳು. ಜಗಳಕ್ಕೆ ಮಾತ್ರ ಕನ್ನಡ. ರಾಮನಾಥರ ತಂದೆ ಕನ್ನಡ ಮೇಷ್ಟ್ರಾಗಿದ್ದರು. ಬೈಯುವುದೇ ಆದರೆ ಸ್ಪಷ್ಟವಾಗಿ ಬೈಯಬೇಕು ಎಂಬುದು ಆ ಮನೆಯ ಸಂಸ್ಕಾರ. ಕಿರಣಕುಮಾರನ ಫೋನು ಬಂದಂದಿನಿಂದ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಬರೀ ಕನ್ನಡವೇ.

ಯಾಕೆಂದರೆ ಕಿರಣ ಇನ್ನೊಂದು ಮಾತನ್ನೂ ಹೇಳಿದ್ದ. "ಆಂಟಿ, ಧರ್ಮಕ್ಕೆ ಏನಾದ್ರೂ ಕೊಡೋ ಮನಸ್ಸಿದ್ರೆ ಈಗ್ಲೇ, ಮಾರಾಟದ ಸಹಿ ಬೀಳೋ ಮೊದ್ಲೇ ಶೇರನ್ನೇ ಕೊಟ್ಬಿಡಿ. ಮಾರಿ ದುಡ್ಡಾದ್ಮೇಲೆ ಕೊಟ್ರೆ ಟ್ಯಾಕ್ಸ್‌ನೋರು ಮೊದ್ಲು ತಿಂತಾರೆ, ಮಿಕ್ಕಿದ್ದು ಹಸಿದೋರಿಗೆ."

ಹಸಿದವರ ಪಾಲಿಗೆ ಇನ್ನೊಬ್ಬರು ಕೈಹಾಕುವುದೆಂದರೆ ಆಶಕ್ಕನಿಗೆ ಸುತರಾಂ ಆಗದು. ಕೂಡಲೇ ಮಗ ಕಾರ್ತಿಕನಿಗೆ ಫೋನು ಹೋಯಿತು. ಅವನು ವಾಲ್ನಟ್ ಕ್ರೀಕಿನಲ್ಲಿ ಹೆಂಡತಿ ಲಾಸ್ಯಾಳ ಜೊತೆ ಇದ್ದಾನೆ. ಭಾನುವಾರ ಇಬ್ಬರೂ ಬಂದರು. ಕಾರ್ತಿಕ ಲ್ಯಾಪ್‌ಟಾಪು ಬಿಚ್ಚಿ, ತಾಯಿ ಬಡಿಸಿದ ನೀರುದೋಸೆಯನ್ನು ಒಂದು ಕೈಯಲ್ಲಿ ಮಡಚುತ್ತ, ಇನ್ನೊಂದು ಕೈಯಲ್ಲಿ ಟೈಪು ಮಾಡುತ್ತ ಪಾಠ ಶುರುಮಾಡಿದ.

"ಅಮ್ಮಾ, ಇದಕ್ಕೆ ಡೋನರ್ ಅಡ್ವೈಸ್ಡ್ ಫಂಡ್ ಅಂತಾರೆ. ಒಂದು ಧರ್ಮಸಂಸ್ಥೆ ಇರುತ್ತೆ. ನೀನು ಶೇರನ್ನ ಅವ್ರಿಗೆ ಕೊಟ್ಬಿಡ್ತೀಯ. ಅವ್ರು ನಿನ್ನ ಹೆಸರಲ್ಲಿ ಒಂದು ಫಂಡ್ ಇಟ್ಕೋತಾರೆ. ಆಮೇಲೆ ನೀನು ನಿಧಾನಕ್ಕೆ, ಇಷ್ಟು ಇಂಥೋರಿಗೆ ಕೊಡಿ, ಇಷ್ಟು ಅಂಥೋರಿಗೆ ಕೊಡಿ ಅಂತ ಹೇಳ್ತಾ ಹೋಗ್ತೀಯ. ಅವ್ರು ಕೊಡ್ತಾ ಹೋಗ್ತಾರೆ."

"ಹೇಳಿದ್ರೆ ಕೊಡ್ಲೇಬೇಕಾ ಅವರು?" ರಾಮನಾಥರು ಕೇಳಿದರು.

"ಇಲ್ಲಪ್ಪ, ಅದು ಅಡ್ವೈಸ್ ಅಷ್ಟೆ. ಕೊಟ್ಟಾದ್ಮೇಲೆ ದುಡ್ಡು ಲೀಗಲಿ ಅವ್ರದ್ದು. ವಾಪಸ್ ತಗೊಳ್ಳೋಕಾಗಲ್ಲ."

ರಾಮನಾಥರು ದೋಸೆಯ ತಟ್ಟೆಯನ್ನೇ ದೂಡಿದರು. "ದುಡ್ಡು ನಮ್ಮದು, ಕೊಟ್ಟವರು ನಾವು, ಮತ್ತೆ ನಾವು ಸಲಹೆ ಕೊಡುವುದಂತೆ! ಈ ಮನೆಯಲ್ಲಿ ನನ್ನ ಸಲಹೆ ಕೇಳುವವರೇ ಇಲ್ಲ, ಇನ್ನು ಅಮೆರಿಕದವರು ಕೇಳ್ತಾರಾ?"

ಆಶಕ್ಕನ ಕಣ್ಣು ಮಾತ್ರ ಅಗಲವಾಗಿತ್ತು. "ಅಯ್ಯೋ ಇವ್ರೇ, ಇದು ಮುಡಿಪು ಅಲ್ವಾ! ಕಟ್ಟಿದ ಮೇಲೆ ಅದು ದೇವರದ್ದು, ನಮ್ಮದಲ್ಲ. ಬಿಚ್ಚಿ ಸಾಮಾನು ತರ್ಲಿಕ್ಕೆ ಇಲ್ಲ. ಆದ್ರೆ ಯಾವಾಗ ಹೋಗಿ ಒಪ್ಪಿಸುವುದು ಅಂತ ನೋಡಿಕೊಳ್ಳುವವರು ನಾವೇ. ಈ ಊರಿನವರಿಗೂ ಮುಡಿಪು ಗೊತ್ತುಂಟಲ್ಲ ಮಾರಾಯ್ರೆ!" ಅವರಿಗೆ ಎಷ್ಟು ಖುಷಿಯಾಯಿತೆಂದರೆ ಸೊಸೆಯ ತಟ್ಟೆಗೆ ಕೇಳದೆಯೇ ಮತ್ತೆರಡು ದೋಸೆ ಬಿದ್ದವು.

ಇನ್ನು ಮುಡಿಪನ್ನು ಯಾರ ಮನೆಯಲ್ಲಿ ಇಡುವುದು? ಅಲ್ಲಿಂದ ಮೂರು ದಾರಿಯಾಯಿತು. ಕಾರ್ತಿಕನದು ಒಂದು. ಅವನು ಷೇರುಪೇಟೆಯ ವ್ಯವಹಾರ ಮಾಡುವ ದೊಡ್ಡ ಕಂಪೆನಿಯೊಂದರಲ್ಲಿ ಖಾತೆ ಇಟ್ಟಿದ್ದ. ಅದಕ್ಕೇ ಸೇರಿದ ಧರ್ಮನಿಧಿಯೂ ಇತ್ತು. ಫೀಸು ಕಡಿಮೆ, ಎಲ್ಲ ಫೋನಿನಲ್ಲೇ ಮುಗಿಯುತ್ತದೆ, ಯಾರ ಮುಖವನ್ನೂ ನೋಡಬೇಕಾಗಿಲ್ಲ ಎಂದು ಅವನು ಅದನ್ನು ಹೊಗಳಿದ. ರಾಮನಾಥರಿಗೆ ಬೇರೆ ಆಸೆ. ಭಾರತದ ಕೆಲಸಗಳಿಗೆ ಮಾತ್ರ ಕೊಡುವ ನಿಧಿಯೊಂದು ಇದೆಯೆಂದು ಲಿವರ್‌ಮೋರಿನ ದೇವಸ್ಥಾನದಲ್ಲಿ ಯಾರೋ ಹೇಳಿದ್ದರು. ಅಪ್ಪ ಪಾಠ ಮಾಡಿದ ಶಾಲೆಗೆ ಒಂದು ಕೋಣೆ ಕಟ್ಟಿಸಬೇಕು, ಬಾಗಿಲ ಮೇಲೆ ಅಪ್ಪನ ಹೆಸರಿನ ಕಲ್ಲು ಇರಬೇಕು. ಲಾಸ್ಯಾ ಮೆಲ್ಲಗೆ, "ಅತ್ತೆ, ನಿಮ್ಮ ಕೌಂಟಿಯಲ್ಲೇ ಒಂದು ಕಮ್ಯುನಿಟಿ ಫೌಂಡೇಶನ್ ಇದೆ. ಇಲ್ಲಿನ ಸಣ್ಣಸಣ್ಣ ಸಂಸ್ಥೆಗಳೆಲ್ಲ ಅವ್ರಿಗೆ ಗೊತ್ತಿರುತ್ತೆ. ಆಫೀಸು ಇದೆ, ಹೋಗಿ ಮಾತಾಡಬಹುದು" ಎಂದಳು.

"ಫೀಸು ಜಾಸ್ತಿ," ಎಂದ ಕಾರ್ತಿಕ.

"ಮನುಷ್ಯರು ಇರ್ತಾರಲ್ಲ, ಅದಕ್ಕೆ," ಎಂದಳು ಲಾಸ್ಯಾ.

ಹಾಗೇ ಮಾತು ಸಾಗುತ್ತಿರುವಾಗ ಕಾರ್ತಿಕ ಲ್ಯಾಪ್‌ಟಾಪಿನಿಂದ ಒಂದು ನಿಯಮ ಓದಿದ. "ಮತ್ತೆ ಅಮ್ಮಾ, ಇದನ್ನ ನೆನಪಿಟ್ಕೋ. ನಿನ್ನ ಫಂಡಿಂದ ಯಾರಿಗೆ ದುಡ್ಡು ಹೋಗುತ್ತೋ, ಅವ್ರಿಂದ ನೀನು ಏನೂ ವಾಪಸ್ ತಗೊಳ್ಳೋ ಹಾಗಿಲ್ಲ. ಒಂದು ಊಟದ ಟಿಕೆಟ್ಟೂ ಇಲ್ಲ."

ಆಶಕ್ಕನ ಕೈಯ ಸೌಟು ಕೆಳಗಿಳಿಯಿತು.

"ಊಟವೂ ಇಲ್ವಾ?"

"ಊಟವೂ ಇಲ್ಲ."

ಕಾವಲಿಯ ಮೇಲಿದ್ದ ದೋಸೆ ಕರಕಲಾಯಿತು. ಆಶಕ್ಕನ ಕೈಯಲ್ಲಿ ದೋಸೆ ಕರಕಲಾದದ್ದನ್ನು ಆ ಮನೆ ಕಂಡದ್ದು ಕಡಿಮೆ.

ಇದಕ್ಕೆ ಕಾರಣವಿತ್ತು. ಸನ್ನಿವೇಲಿನಲ್ಲೇ ಒಂದು ಹಳೆಯ ಚರ್ಚಿನ ಹಿಂಬದಿಯ ಹಾಲಿನಲ್ಲಿ ಗುರುವಾರ ಮಧ್ಯಾಹ್ನ ಬಿಸಿಯೂಟ ಹಾಕುತ್ತಾರೆ. ಯಾರು ಬಂದರೂ ಊಟ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ. ಆಶಕ್ಕ ಕೆಲಸ ಬಿಟ್ಟ ಮೇಲೆ ಅಲ್ಲಿ ಹೋಗಿ ಈರುಳ್ಳಿ ಹೆಚ್ಚಿ ಕೊಡುತ್ತಿದ್ದರು. ಹೆಚ್ಚುವ ಕೆಲಸ ಮುಗಿದ ಮೇಲೆ ಏಪ್ರನ್ ಬಿಚ್ಚಿಟ್ಟು, ಸಾಲಿನಲ್ಲಿ ನಿಂತು, ತಟ್ಟೆ ಹಿಡಿದುಕೊಂಡು ಕಿಟಕಿಯ ಬದಿಯ ಮೇಜಿಗೆ ಹೋಗಿ ಕೂರುತ್ತಿದ್ದರು. ಎದುರಿಗೆ ಡೊಲೊರೆಸ್. ಆಕೆಯ ಮನೆಯೆಂದರೆ ಒಂದು ಹಳೆಯ ವ್ಯಾನು. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೇ, ಇವರದ್ದೂ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಸೇರಿ ಆ ಊರಿನ ಬಾಡಿಗೆಗೆ, ಮೇಯರಿಗೆ, ಸೊಸೆಯಂದಿರಿಗೆ ಒಟ್ಟಿಗೇ ಶಾಪ ಹಾಕುತ್ತಿದ್ದರು. ಆಶಕ್ಕನಿಗೆ ಬೈಯಬೇಕಾದಂಥ ಸೊಸೆ ಇರಲಿಲ್ಲ. ಸ್ನೇಹಕ್ಕಾಗಿ ಡೊಲೊರೆಸಳ ಸೊಸೆಯನ್ನು ಬೈಯುತ್ತಿದ್ದರು.

ಜೀವಮಾನವೆಲ್ಲ ಇನ್ನೊಬ್ಬರಿಗೆ ಬಡಿಸಿದವರು ಅವರು. ಮದುವೆಯ ಮನೆಯಲ್ಲೂ ಕೊನೆಯ ಪಂಕ್ತಿಯಲ್ಲಿ ತಣ್ಣಗಾದದ್ದನ್ನು ತಾನೇ ಬಡಿಸಿಕೊಂಡು ಉಂಡವರು. ಆ ಹಾಲಿನಲ್ಲಿ ಮಾತ್ರ ಯಾರೋ ಗುರುತಿಲ್ಲದವರು ಸೌಟು ತುಂಬ ತೆಗೆದು ಇವರ ತಟ್ಟೆಗೆ ಹಾಕಿ, "ಇನ್ನೂ ಸ್ವಲ್ಪ ಹಾಕಲಾ?" ಎಂದು ಕೇಳುತ್ತಿದ್ದರು. ಆ ಒಂದು ಮಾತಿಗಾಗಿ ಅವರು ಗುರುವಾರವನ್ನು ಕಾಯುತ್ತಿದ್ದರು. ಮುಡಿಪಿನ ಮೊದಲ ಪಾಲು ಅಲ್ಲಿಗೇ ಎಂದು ಕಿರಣನ ಫೋನು ಇಟ್ಟ ಗಳಿಗೆಯಲ್ಲೇ ಅವರ ಮನಸ್ಸು ಹೇಳಿಬಿಟ್ಟಿತ್ತು.

ಈಗ ನೋಡಿದರೆ, ಕೊಟ್ಟರೆ ಅಲ್ಲಿ ಉಣ್ಣುವ ಹಾಗಿಲ್ಲ!

ಇನ್ನೊಬ್ಬರಾಗಿದ್ದರೆ ಇದನ್ನು ಸರ್ಕಾರದ ನಿಯಮವೆಂದು ಹೇಗೋ ಸರಿದೂಗಿಸಿಕೊಳ್ಳುತ್ತಿದ್ದರು. ಆಶಕ್ಕನಿಗೆ ಅದು ಹುಟ್ಟಿನಿಂದ ಬಂದ ನಿಯಮವೇ ಆಗಿ ಕೇಳಿಸಿತು. ಅವರ ಮದುವೆಯಾದ ಹೊಸತರಲ್ಲಿ ತಂದೆ ಮಗಳನ್ನು ನೋಡಲು ಬಂದಿದ್ದರು. ಧಾರೆ ಎರೆದು ಕೊಟ್ಟ ಮನೆಯಲ್ಲಿ ಮೊಮ್ಮಗು ಹುಟ್ಟುವವರೆಗೆ ನೀರೂ ಮುಟ್ಟಬಾರದೆಂದು ಅವರ ಕಟ್ಟುನಿಟ್ಟು. ಜಗಲಿಯಲ್ಲಿ ಕೂತು, ಮನೆಯಿಂದ ತಂದ ಚೊಂಬಿನ ನೀರನ್ನು ಕುಡಿದು, "ಚಂದ ಇದ್ದಿಯಲ್ಲ ಮಗಾ" ಎಂದು ಎದ್ದು ಹೋದರು. ಒಳಗೆ ಆಶಕ್ಕ ಮಾಡಿಟ್ಟ ಪಾಯಸ ಹಾಗೇ ಇತ್ತು. ಕೊಟ್ಟ ಮೇಲೆ ಉಣ್ಣಬಾರದು ಎಂದರೆ ಏನೆಂದು ಅವರಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

ಮರುದಿನ ಅವರು ಕಾರ್ತಿಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ದೊಡ್ಡ ಕಂಪೆನಿಯ ನಿಧಿಗೆ ಫೋನು ಮಾಡಿಸಿದರು. ಸ್ಪೀಕರಿನಲ್ಲಿ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. ಶೇರಿನದ್ದೆಲ್ಲ ಮುಗಿದ ಮೇಲೆ, ಬೇರೆ ಏನಾದರೂ ಪ್ರಶ್ನೆ ಇದೆಯೇ ಎಂದು ಕೇಳಿದ.

"ಕೇಳು ಮಗಾ, ನಾನು ಕೊಟ್ಟ ಕಡೆ ಉಣ್ಣಬಹುದಾ ಅಂತ ಕೇಳು."

"ಅಮ್ಮಾ, ಪ್ಲೀಸ್! ಮಾನ ಹೋಗುತ್ತೆ."

"ಹಸಿವಿನ ವಿಷಯದಲ್ಲಿ ಎಂತ ಮಾನ? ಕೇಳು."

ಕಾರ್ತಿಕ ಕೆಂಪಾಗುತ್ತ ಕೇಳಿದ. ಆ ಹುಡುಗ, ದಾನಿಗೆ ನೆಪಮಾತ್ರಕ್ಕಿಂತ ಹೆಚ್ಚಿನ ಯಾವ ಪ್ರಯೋಜನವೂ ಸಿಗಬಾರದು ಎಂಬ ವಾಕ್ಯವನ್ನು ಓದಿದ. ಒಂದು ತಟ್ಟೆ ಊಟ ನೆಪಮಾತ್ರವೋ ಹೆಚ್ಚೋ ಎಂದು ಆಶಕ್ಕ ಕೇಳಿಸಿದರು. ಹುಡುಗ ಹೋಲ್ಡಿನಲ್ಲಿಟ್ಟ. ಸಂಗೀತ ಬಂತು. ಸಂಗೀತ ಮುಗಿದು, ಇನ್ನೊಂದು ಸಂಗೀತ ಬಂತು. ಕೊನೆಗೆ ಅವನು ಬಂದು, ದಯವಿಟ್ಟು ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ ಎಂದ.

"ಪಾಪ, ಅವನಿಗೆ ಯಾರೂ ಹೊಟ್ಟೆತುಂಬ ಹಾಕಿಲ್ಲ, ಸ್ವರದಲ್ಲೇ ಗೊತ್ತಾಗ್ತದೆ," ಎಂದರು ಆಶಕ್ಕ.

ರಾಮನಾಥರ ನಿಧಿಯಲ್ಲಿ ಫೋನೆತ್ತಿದವರು ಮಧುಕರ್ ಎಂಬ ಸ್ವಯಂಸೇವಕರು. ಕನ್ನಡದವರೇ. ರಾಮನಾಥರು ಎದ್ದು ನಿಂತೇ ಮಾತಾಡಿದರು. ಶಾಲೆ, ಕೋಣೆ, ಕಲ್ಲು ಎಲ್ಲಕ್ಕೂ ಆಗಬಹುದು ಸಾರ್, ಆಗಬಹುದು ಸಾರ್ ಎಂಬ ಉತ್ತರ. ನಡುವೆ ಆಶಕ್ಕ ಫೋನು ಕಸಿದುಕೊಂಡರು.

"ಅಲ್ಲ ಇವ್ರೇ, ಸನ್ನಿವೇಲಿನಲ್ಲಿ ಒಂದು ಊಟದ ಹಾಲು ಉಂಟು. ಅದಕ್ಕೆ ಕೊಡಬಹುದಾ?"

"ಇಲ್ಲ ಅಕ್ಕ, ನಮ್ಮದು ಇಂಡಿಯಾದ ಕೆಲಸಕ್ಕೆ ಮಾತ್ರ. ಊಟಕ್ಕೆ ಕೊಡಬೇಕಂದ್ರೆ ಅಲ್ಲೇ ಬಹಳ ಕಡೆ ಇದೆ. ನೀವು ಊರಿಗೆ ಹೋದಾಗ ನೋಡ್ಕೊಂಡೂ ಬರಬಹುದು."

"ನನಗೆ ಗುರುವಾರ ಗುರುವಾರ ನೋಡ್ಬೇಕು ಮಾರಾಯ್ರೆ," ಎಂದು ಆಶಕ್ಕ ಫೋನು ಗಂಡನ ಕೈಗೆ ಕೊಟ್ಟರು. ಆ ಸಂಜೆ ಮನೆಯಲ್ಲಿ ಬಹಳ ಶುದ್ಧವಾದ ಕನ್ನಡ ನಡೆಯಿತು.

ಗುರುವಾರ ಬಂದೇ ಬಂತು. ಆಶಕ್ಕ ಹೋಗಿ ಈರುಳ್ಳಿ ಹೆಚ್ಚಿದರು. ಹೆಚ್ಚುವುದು ಮುಗಿದ ಮೇಲೆ ಏಪ್ರನ್ ಬಿಚ್ಚಲಿಲ್ಲ. ಇನ್ನೂ ಏನೂ ಕೊಟ್ಟಿಲ್ಲ, ಇವತ್ತು ಉಣ್ಣಬಹುದಿತ್ತು. ಆದರೆ ಕೊಡುತ್ತೇನೆಂದು ಮನಸ್ಸಿನಲ್ಲಿ ಅಂದುಕೊಂಡಾಗಿತ್ತಲ್ಲ! ಕಿಟಕಿಯ ಬದಿಯಿಂದ ಡೊಲೊರೆಸ್ ಕೈಬೀಸಿ ಕರೆದಳು. ಆಶಕ್ಕ ಹೊಟ್ಟೆ ಸರಿಯಿಲ್ಲವೆಂದು ಸನ್ನೆ ಮಾಡಿದರು. ಡೊಲೊರೆಸ್ ತನ್ನ ತಟ್ಟೆಯನ್ನೇ ಎತ್ತಿಕೊಂಡು ಬಂದು ಇವರ ಮೂಗಿನ ಕೆಳಗೆ ಹಿಡಿದಳು. ಹುರುಳಿಕಾಯಿ, ಅನ್ನ, ಮೇಲೆ ಕೊತ್ತಂಬರಿ. "ಯು ಆ್ಯಂಗ್ರಿ ವಿತ್ ಮಿ?" ಎಂದಳು. ಆಶಕ್ಕ ತಲೆಯಲ್ಲಾಡಿಸಿದರು. ಡೊಲೊರೆಸ್ ನಂಬಲಿಲ್ಲ. ಬೆನ್ನು ತಿರುಗಿಸಿ ಹೋಗಿ ಒಬ್ಬಳೇ ಕೂತು ಉಂಡಳು.

ಮನೆಗೆ ಬಂದ ಆಶಕ್ಕ ಗಂಡನಿಗೆ ಹೇಳಿದರು: "ಆ ಹಾಲಿನಲ್ಲಿ ಉಣ್ಣುವ ಹಾಗಿಲ್ಲ ಅಂತಾದ್ರೆ ನಾನು ಮುಡಿಪನ್ನು ಬೇರೆ ಎಲ್ಲಿಗಾದ್ರೂ ಕೊಡ್ತೇನೆ. ಅಲ್ಲಿಗೆ ಮಾತ್ರ ಕೊಡುವುದಿಲ್ಲ. ನನಗೆ ಪುಣ್ಯ ಬೇಡ, ಆ ಮೇಜು ಬೇಕು."

ರಾಮನಾಥರು ಹೆಂಡತಿಯ ಮುಖ ನೋಡಿದರು. ಜಗಳವಾಡುವ ಮುಖವಾಗಿರಲಿಲ್ಲ. "ಲಾಸ್ಯಾ ಹೇಳಿದ ಆಫೀಸೊಂದು ಉಳಿದಿದೆಯಲ್ಲ," ಎಂದು ತುಳುವಿನಲ್ಲಿ ಹೇಳಿ, ಕಾರಿನ ಕೀಲಿ ಹುಡುಕತೊಡಗಿದರು.

ಕಾರ್ತಿಕನೂ ಬಂದ. ಕಮ್ಯುನಿಟಿ ಫೌಂಡೇಶನ್ನಿನ ಆಫೀಸಿನಲ್ಲಿ ಅವರನ್ನು ಕೂರಿಸಿ ಮಾತಾಡಿಸಿದವಳು ಮಹ್ವಿಶ್ ಎಂಬ ಹುಡುಗಿ. ಸಣ್ಣ ವಯಸ್ಸು, ದೊಡ್ಡ ಕನ್ನಡಕ, ತಲೆಗೆ ನೀಲಿ ಬಟ್ಟೆ ಸುತ್ತಿದ್ದಳು. ಎದುರಿಗೆ ಕಾಫಿ, ಒಂದು ತಟ್ಟೆ ತುಂಬ ಕುಕ್ಕಿ ಬಿಸ್ಕತ್ತು ತಂದಿಟ್ಟು, ಇಂಗ್ಲಿಷಿನಲ್ಲಿ ಕಾರ್ತಿಕನ ಜೊತೆ ಮಾತಿಗೆ ತೊಡಗಿದಳು. ಸಹಿ ಬೀಳುವ ಮೊದಲೇ ಶೇರು ತೆಗೆದುಕೊಳ್ಳಲು ತಮ್ಮಿಂದ ಆಗುತ್ತದೆ, ಆದರೆ ಈ ವಾರವೇ ಹೇಳಬೇಕು ಎಂದಳು. ಅವರು ಮಾತಾಡುತ್ತಿದ್ದಂತೆ ಇತ್ತ ಗಂಡಹೆಂಡಿರ ಕನ್ನಡ ಶುರುವಾಯಿತು.

"ಇಷ್ಟು ಸಣ್ಣ ಹುಡುಗಿ, ಇವಳಿಗೆ ಎಂತ ಗೊತ್ತಿರ್ತದೆ? ನನ್ನ ಅಪ್ಪನ ಕಲ್ಲಿನ ವಿಷಯ ನಾನು ಇವಳ ಹತ್ರ ಕೇಳುವುದಾ?"

"ನೀವು ಕುಕ್ಕಿ ತಿನ್ನಿ, ಸುಮ್ಮನಿರಿ. ಮೂರು ತಿಂದ್ರಿ, ನಾನು ನೋಡ್ತಾ ಇದ್ದೇನೆ. ಡಾಕ್ಟ್ರು ಸಕ್ಕರೆ ಬೇಡ ಅಂದದ್ದು ಯಾರಿಗೆ?"

"ಎರಡು!"

"ಮೂರು. ಆ ಹುಡುಗಿಯ ಮುಖ ನೋಡಿ, ಊಟ ಮಾಡಿದ ಮುಖ. ನನಗೆ ಹಿಡಿಸಿತು. ಇವಳ ಹತ್ರವೇ ಕೇಳುವುದು."

"ಕೇಳು, ಕೇಳು. ದಾನ ಕೊಡ್ಲಿಕ್ಕೆ ಬಂದವಳು ಊಟ ಕೇಳ್ತಾಳೆ ಅಂತ ಆಫೀಸೇ ನಗಾಡ್ಲಿ."

ಮಹ್ವಿಶ್ ತಲೆ ತಗ್ಗಿಸಿದ್ದಳು. ಭುಜ ಅಲುಗುತ್ತಿತ್ತು. ತಡೆಯಲಾರದೆ ಅವಳು ಜೋರಾಗಿಯೇ ನಕ್ಕಳು. "ಸಾರಿ ಅಂಕಲ್. ಮೂರೇ. ನಾನೂ ನೋಡ್ದೆ."

ರಾಮನಾಥರ ಕೈಯಲ್ಲಿ ನಾಲ್ಕನೆಯದಿತ್ತು.

"ನಮ್ದು ಮೈಸೂರು, ಆಂಟಿ. ಅಂದ್ರೆ ಅಮ್ಮೀ, ಅಬ್ಬಾದು. ನಾನು ಹುಟ್ಟಿದ್ದು ಇಲ್ಲೇ. ಐ ಅಂಡರ್‌ಸ್ಟ್ಯಾಂಡ್ ಎವ್ರಿಥಿಂಗ್. ಮಾತಾಡೋಕೆ ಮಾತ್ರ ಸ್ವಲ್ಪ... ಲೈಕ್, ಬ್ರೋಕನ್."

ಆಶಕ್ಕ ಕುರ್ಚಿಯನ್ನೇ ಎಳೆದುಕೊಂಡು ಅವಳ ಪಕ್ಕಕ್ಕೆ ಹೋದರು. ಅವರ ಎರಡೂ ಕೈ ಗಾಳಿಗೆದ್ದವು. ಶೆಡ್ಡು, ಬ್ರೆಡ್ಡು, ಮುಡಿಪು, ಚರ್ಚಿನ ಹಾಲು, ಡೊಲೊರೆಸ್, ತಂದೆ ತಂದ ಚೊಂಬಿನ ನೀರು, ಎಲ್ಲ ಹೇಳಿದರು. ಕಾರ್ತಿಕ ಗಡಿಯಾರ ನೋಡಿದ. ಮಹ್ವಿಶ್ ನೋಡಲಿಲ್ಲ.

"ಆ ಹಾಲ್ ನಂಗೆ ಗೊತ್ತು ಆಂಟಿ. ಐ ಹ್ಯಾವ್ ಈಟನ್ ದೇರ್. ಕಿಟಕಿ ಹತ್ರ ಟೇಬಲ್ ಅಲ್ವಾ, ಒಂದು ಕಾಲು ಶೇಕ್ ಆಗುತ್ತೆ, ನ್ಯಾಪ್ಕಿನ್ ಮಡಚಿ ಕೆಳಗೆ ಇಟ್ಟಿರ್ತಾರೆ?"

"ಅದೇ! ಅದೇ ಮೇಜು! ಆ ನ್ಯಾಪ್ಕಿನ್ ಇಟ್ಟದ್ದೇ ನಾನು!"

ಮಹ್ವಿಶ್ ನಿಧಾನವಾಗಿ, ಮಾತು ಹುಡುಕಿ ಹುಡುಕಿ ತಿಳಿಸಿದಳು. ಸಂಸ್ಥೆಗಳು ದುಡ್ಡು ಕೂಡಿಸಲು ದೊಡ್ಡ ಹೋಟೆಲಿನಲ್ಲಿ ಡಿನ್ನರ್ ಇಡುತ್ತವೆ, ಅದರ ಟಿಕೆಟ್ಟನ್ನು ನಿಧಿಯ ದುಡ್ಡಿನಿಂದ ಕೊಳ್ಳಬಾರದು. ನಿಯಮ ಹೇಳುವುದು ಅದನ್ನು. "ಬಟ್ ಆ ಹಾಲಲ್ಲಿ ಬಾಗ್ಲು ಎಲ್ಲರಿಗೂ ಓಪನ್, ಆಂಟಿ. ನೀವು ಕೊಟ್ರೂ ಆ ಪ್ಲೇಟ್ ಸಿಗುತ್ತೆ, ಕೊಡ್ದೇ ಇದ್ರೂ ಸಿಗುತ್ತೆ. ಕೊಟ್ಟಿದ್ದಕ್ಕೆ ಸಿಕ್ಕಿದ್ದಲ್ಲ ಅದು. ಸೋ ನೀವು ಆರಾಮಾಗಿ ಊಟ ಮಾಡಿ."

"ಮತ್ತೆ ಕಲ್ಲು?" ರಾಮನಾಥರ ಪ್ರಶ್ನೆ ತಾನಾಗಿಯೇ ಹೊರಬಿತ್ತು.

"ಹೆಸರು ಹಾಕಿದ್ರೆ ಪ್ರಾಬ್ಲಂ ಇಲ್ಲ ಅಂಕಲ್. ಊರಿನ ಸ್ಕೂಲಿಗೆ ಕೊಡೋದಾದ್ರೆ, ಇಲ್ಲಿ ರಿಜಿಸ್ಟರ್ ಆಗಿ ಅಲ್ಲಿ ಕೆಲಸ ಮಾಡೋ ಸಂಸ್ಥೆ ಬೇಕು. ಹುಡುಕೋಣ."

"ಕಲ್ಲನ್ನು ತಿನ್ಲಿಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಅಡ್ಡಿಯಿಲ್ಲ," ಎಂದರು ಆಶಕ್ಕ. ಆದರೆ ಅವರ ಮುಖದಲ್ಲಿ ಇನ್ನೂ ಒಂದು ಎಳೆ ಸಿಕ್ಕು ಉಳಿದಿತ್ತು. ಅಮೆರಿಕದ ನಿಯಮ ಬಿಟ್ಟಿತು, ಅಪ್ಪನ ನಿಯಮ? ಧಾರೆ ಎರೆದ ಮನೆಯಲ್ಲಿ ಉಣ್ಣುವುದು ಹೇಗೆ? ಅವರು ತುಸು ಹೊತ್ತು ಬೆರಳು ಮಡಚುತ್ತ ಬಿಡಿಸುತ್ತ ಕೂತರು. ಆಮೇಲೆ ಮೆಲ್ಲಗೆ ಕೇಳಿದರು.

"ನೋಡು ಮಗಾ, ನಾನು ಶೇರು ಕೊಡುವುದು ಯಾರಿಗೆ? ಆ ಹಾಲಿನವರಿಗಾ, ನಿಮಗಾ?"

"ನಮ್ಗೆ ಆಂಟಿ. ಗಿಫ್ಟ್ ಆಗೋದು ನಮ್ಗೆ. ಆಮೇಲೆ ಅವ್ರಿಗೆ ಕೊಡೋದು ನಾವು, ನೀವು ಹೇಳ್ದಂಗೆ."

ಆಶಕ್ಕ ತೊಡೆ ತಟ್ಟಿ ಎದ್ದುಬಿಟ್ಟರು. "ಹಾಗಾದ್ರೆ ನಾನು ಧಾರೆ ಎರೆಯುವುದು ನಿಮ್ಮ ಮನೆಗೆ! ಉಣ್ಣಬಾರದ್ದು ಇಲ್ಲಿ! ಅಲ್ಲಿ ಅಲ್ಲ!" ಗಂಡನ ಕಡೆಗೆ ತಿರುಗಿದರು. "ಇವ್ರೇ, ಆ ಕುಕ್ಕಿ ಬೇಗ ತಿಂದು ಮುಗಿಸಿ. ಸಹಿ ಹಾಕಿದ ಮೇಲೆ ಈ ಮನೆಯಲ್ಲಿ ನಮಗೆ ನೀರೂ ಇಲ್ಲ!"

ತಮ್ಮೆದುರಿನ ಕಾಫಿಯನ್ನು ಅವರು ಎರಡೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು. ಮಹ್ವಿಶಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು, ನಗುವಿನಿಂದಲೋ ಏನೋ.

ಕಾರ್ತಿಕ ಮಾತ್ರ ಬಿಡಲಿಲ್ಲ. "ಅಮ್ಮಾ, ಫೈನ್. ಬಟ್ ನೀನು ಊಟ ಮಾಡದೇ ಇರೋ ಮನೆಯೇ ಬೇಕಾದ್ರೆ ನನ್ನ ಕಂಪೆನಿಯಲ್ಲೇ ಇಡಬಹುದಲ್ವಾ? ಅಲ್ಲಿ ಕುಕ್ಕಿನೂ ಕೊಡಲ್ಲ. ಫೀಸೂ ಕಡಿಮೆ."

"ನಿನ್ನ ಹೆಂಡತಿಯನ್ನು ನೋಡ್ಲಿಕ್ಕೆ ಹೋದಾಗ ಅವಳ ಮನೆಯವರ ಜೊತೆ ನಾನು ಎಷ್ಟು ಹೊತ್ತು ಮಾತಾಡಿದೆ, ನೆನಪುಂಟಾ ಮಗಾ?"

"ಮೂರು ಗಂಟೆ. ನಾನು ಹಸಿವಿಂದ ಸತ್ತಿದ್ದೆ."

"ಅವರು ನಮ್ಮನ್ನು 'ಇನ್ನೂ ಸ್ವಲ್ಪ ಕೂತ್ಕೊಳ್ಳಿ' ಅಂದ್ರು. ನಿನ್ನ ಕಂಪೆನಿಯವರು ನನಗೆ ಸಂಗೀತ ಕೇಳಿಸಿದ್ರು. ಈ ಹುಡುಗಿಗೆ ಮೇಜಿನ ಕಾಲು ಗೊತ್ತುಂಟು. ನಾನು ಇಲ್ಲದ ಕಾಲಕ್ಕೆ ಆ ಹಾಲಿನಲ್ಲಿ ಅಕ್ಕಿ ಮುಗಿದ್ರೆ ಇವಳಿಗೆ ಗೊತ್ತಾಗ್ತದೆ. ನನಗೆ ಅಷ್ಟು ಸಾಕು."

ಕಾರ್ತಿಕ ತಂದೆಯ ಮುಖ ನೋಡಿದ. ಕಲ್ಲಿಗೆ ಅಡ್ಡಿಯಿಲ್ಲವೆಂದು ತಿಳಿದ ರಾಮನಾಥರು ಆಗಲೇ ಮಹ್ವಿಶಳ ಪಕ್ಷಕ್ಕೆ ಸೇರಿಯಾಗಿತ್ತು. "ಹುಡುಗಿ ಸಣ್ಣವಳಾದರೂ ಲೆಕ್ಕ ಸರಿಯಾಗಿ ಇಡ್ತಾಳೆ, ಮೂರು ಅಂದ್ರೆ ಮೂರೇ," ಎಂದರು.

ಗಾಜಿನ ಫಲಕವೊಂದನ್ನು ಮಹ್ವಿಶ್ ಮುಂದಿಟ್ಟಳು. ಬೆರಳಿನಿಂದಲೇ ಸಹಿ ಹಾಕಬೇಕಂತೆ. ಆಶಕ್ಕ ಸೆರಗಿನಲ್ಲಿ ಬೆರಳೊರೆಸಿ, ಕಣ್ಣು ಮುಚ್ಚಿ ತುಟಿ ಅಲುಗಿಸಿ, ಕನ್ನಡದಲ್ಲಿ ದೊಡ್ಡದಾಗಿ ತಮ್ಮ ಹೆಸರು ಬರೆದರು. 'ತಾ' ಫಲಕದ ಅಂಚಿಗೆ ಹೋಗಿ ನಿಂತಿತು. "ಆಯ್ತಾ? ಇನ್ನು ನನ್ನದಲ್ಲ ಅಲ್ವಾ?"

"ನಿಮ್ದಲ್ಲ ಆಂಟಿ."

"ಅಬ್ಬ!" ಎಂದರು. ಹದಿನಾರರ ಹುಡುಗಿ ಉಯ್ಯಾಲೆಯಿಂದ ಇಳಿದ ಹಾಗೆ ಆ ಮುಖವಿತ್ತು. ಹೊರಡುವಾಗ ಮಹ್ವಿಶ್ ಒಂದು ಬಾಟಲಿ ನೀರು ಕೊಡಲು ಬಂದಳು. ಆಶಕ್ಕ ಕೈ ಹಿಂದಕ್ಕೆಳೆದುಕೊಂಡು, "ಗುರುವಾರ ನೀನೇ ಹಾಲಿಗೆ ಬಾ. ಅಲ್ಲಿ ಒಟ್ಟಿಗೆ ಉಣ್ಣುವ," ಎಂದು ಅವಳ ಗಲ್ಲ ಸವರಿದರು.

ಆ ಗುರುವಾರ ಈರುಳ್ಳಿ ಬೇಗ ಮುಗಿಯಿತು. ಏಪ್ರನ್ ಮೊಳೆಗೆ ಸಿಕ್ಕಿಸಿ ಆಶಕ್ಕ ಸಾಲಿನಲ್ಲಿ ನಿಂತರು. ಅಂದು ಮೆಕ್ಕೆಜೋಳದ ಸೂಪು. ಬಡಿಸುವವನು ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳಿದ. ಹಾಕು ಎಂದರು. ತುಂಬಿದ ತಟ್ಟೆ ಹಿಡಿದುಕೊಂಡು ಕಿಟಕಿಯ ಬದಿಗೆ ಹೋದರೆ ಡೊಲೊರೆಸ್ ತಲೆ ಎತ್ತಲಿಲ್ಲ. ಆಶಕ್ಕ ಎದುರಿಗೆ ಕೂತು, ಕೇಳುವವರೆಗೂ ಕಾಯದೆ, ಅವಳ ಸೊಸೆಯನ್ನು ಜೋರಾಗಿ ಬೈಯಲು ಶುರುಮಾಡಿದರು. ಡೊಲೊರೆಸ್ ಒಂದು ಗಳಿಗೆ ಬಿಗಿದುಕೊಂಡಿದ್ದಳು. ಆಮೇಲೆ ಸೊಸೆ ಹೊಸದಾಗಿ ಮಾಡಿದ್ದನ್ನು ಹೇಳದೆ ಇರಲು ಅವಳಿಂದ ಆಗಲಿಲ್ಲ.

ಮಹ್ವಿಶ್ ತಡವಾಗಿ ಓಡುತ್ತ ಬಂದಳು. ಮೂವರೂ ಸೇರಿ ಇನ್ನೊಂದು ಸುತ್ತು ಹಾಕಿಸಿಕೊಂಡರು. ನಿಧಿಯ ವಿಷಯ ಯಾರೂ ಎತ್ತಲಿಲ್ಲ. ಆ ಹಾಲಿಗೆ ಮೊದಲ ಪಾಲು ಬಂದಾಗ ಕೊಟ್ಟವರ ಹೆಸರು ಬೇಡವೆಂದು ಆಶಕ್ಕ ಮೊದಲೇ ಹೇಳಿಬಿಟ್ಟಿದ್ದರು.

ಸಂಜೆ ಮನೆಯಲ್ಲಿ ಅವರು ಸಿಂಕಿನ ಮುಂದೆ ನಿಂತಿದ್ದಾಗ ಕಾರ್ತಿಕನ ಫೋನು ಬಂತು. ಕೈ ಒದ್ದೆ. ರಾಮನಾಥರು ಫೋನನ್ನು ಹೆಂಡತಿಯ ಕಿವಿಗೆ ಹಿಡಿದರು.

"ಅಮ್ಮಾ, ಶೇರು ಅವ್ರಿಗೆ ಹೋಗಿ ಸೇರ್ತು. ಕನ್‌ಫರ್ಮ್ ಆಯ್ತು. ಮಾರಾಟದ ಸಹಿಗಿಂತ ಮೊದ್ಲೇ!"

"ಸೇರಿತಾ! ಒಳ್ಳೇದಾಯ್ತು ಮಗಾ. ನೀನು ಉಂಡೆಯಾ?"

"ಇನ್ನೂ ಇಲ್ಲ."

"ಫೋನು ಇಡು, ಹೋಗಿ ಉಣ್ಣು."

ನಾಳೆಗೆ ಇಡ್ಲಿ. ಆಶಕ್ಕ ಉದ್ದನ್ನು ಮತ್ತೊಂದು ಸಲ ತೊಳೆದರು, ಮೇಲೆ ತೇಲಿದ ಕಪ್ಪು ಸಿಪ್ಪೆಯನ್ನು ಅಂಗೈಯಿಂದ ಬಳಿದು ಚೆಲ್ಲಿದರು. ಅಕ್ಕಿಗೆ ಬೇರೆ ಪಾತ್ರೆ. ಮೆಂತೆ ಹಾಕಿದ್ದೀಯಾ ಎಂದು ರಾಮನಾಥರು ಹಿಂದಿನಿಂದ ಕೇಳಿದರು, ತುಳುವಿನಲ್ಲಿ. ಹಾಕಿರಲಿಲ್ಲ. ಡಬ್ಬಿ ತೆಗೆದು ಒಂದು ಚಿಟಿಕೆ ಮೆಂತೆ ಉದುರಿಸಿ, ಎರಡೂ ಪಾತ್ರೆಗೆ ಮುಳುಗುವಷ್ಟು ನೀರು ಹಾಕಿ, ಮೇಲೆ ತಟ್ಟೆ ಮುಚ್ಚಿದರು.